ಅರ್ಧ ಕಲಿಕೆಯ ಚರಿತ್ರೆ: ಕುಮಾರಸ್ವಾಮಿ ಲೇಔಟ್ ಸುತ್ತಿನ ಅಲ್ಪಾವಧಿ ತರಬೇತಿ ಮತ್ತು ಯುಎಕ್ಸ್ ವೃತ್ತಿ

ಬಳಕೆದಾರರ ಅನುಭವ ವಿನ್ಯಾಸ, ವೃತ್ತಿಯವರ ಮಾತಿನಲ್ಲಿ ಯುಎಕ್ಸ್, ದಕ್ಷಿಣ ಬೆಂಗಳೂರಿಗೆ ಹೊಸ ಉದ್ಯೋಗವಾದರೂ ಮೂರೋ ಆರೋ ತಿಂಗಳ ಕೋರ್ಸನ್ನು ಮುಗಿಸಿ ಹೊಸ ಉದ್ಯೋಗವೊಂದರ ಬಾಗಿಲು ತಟ್ಟುವ ಕ್ರಮ ಇಲ್ಲಿ ಹಳೆಯದು. ಬೆರಳಚ್ಚು, ಕಂಪ್ಯೂಟರ್, ಡಿಟಿಪಿ, ಮಲ್ಟಿಮೀಡಿಯಾ, ಸಾಫ್ಟ್‌ವೇರ್ ಟೆಸ್ಟಿಂಗ್ ಎಂಬ ಸರಣಿಯಲ್ಲಿ ಯುಎಕ್ಸ್ ತರಗತಿ ಇತ್ತೀಚಿನ ಕೊಂಡಿ ಮಾತ್ರ. ಈ ಸರಣಿಯನ್ನು ಮೊದಲಿನಿಂದ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಲ್ಪಾವಧಿ ತರಬೇತಿಯು ಯಾವ ಕಾಲದಲ್ಲೂ ಪೂರ್ತಿ ಕಲಿಕೆಯಾಗಿರಲಿಲ್ಲ, ತರಗತಿಯಲ್ಲಿ ಅರ್ಧ ಕಲಿತವರಿಗೆ ಉಳಿದರ್ಧವನ್ನು ಮೊದಲ ಕೆಲಸದ ಸ್ಥಳ ಕಲಿಸುತ್ತಿತ್ತು, ಮತ್ತು ಆ ಎರಡರ ನಡುವೆ ಅಭ್ಯರ್ಥಿಯ ಕೈಗೆಲಸವನ್ನು ಅಳೆಯುವ, ಎಲ್ಲರೂ ಒಪ್ಪಿದ ಒಂದು ಪರೀಕ್ಷೆ ಇರುತ್ತಿತ್ತು. ಯುಎಕ್ಸ್ ವೃತ್ತಿಯನ್ನು ಕಿರು ಕೋರ್ಸಿನ ಮೂಲಕ ಪ್ರವೇಶಿಸುವುದು ಇಂದು ಏಕೆ ಒಮ್ಮೆ ಸುಲಭವೆಂದೂ ಒಮ್ಮೆ ಅಸಾಧ್ಯವೆಂದೂ ಕಾಣುತ್ತದೆ ಎಂಬುದಕ್ಕೆ ಉತ್ತರ ಈ ಹಿನ್ನೆಲೆಯಲ್ಲಿದೆ.

ನಗರದ ದಕ್ಷಿಣ ಭಾಗದ ಬೆಳವಣಿಗೆಗೂ ತರಬೇತಿ ಶಾಲೆಗಳಿಗೂ ನಿಕಟ ಸಂಬಂಧವಿದೆ. 1945ರಲ್ಲಿ ರಚನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕಾಲದಲ್ಲಿ, 1948ರಿಂದ, ಜಯನಗರ ರೂಪುಗೊಂಡಿತು. 1976ರಲ್ಲಿ ಆ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಹಂತಗಳು ಕನಕಪುರ ಮತ್ತು ಬನ್ನೇರುಘಟ್ಟ ರಸ್ತೆಗಳ ಇಕ್ಕೆಲದಲ್ಲಿ ದಕ್ಷಿಣಕ್ಕೆ ಚಾಚಿಕೊಂಡವು. ಬನಶಂಕರಿಯ ಆಚೆ, ಹೊರವರ್ತುಲ ರಸ್ತೆಯ ಕದಿರೇನಹಳ್ಳಿ ಭಾಗಕ್ಕೆ ತಾಗಿಕೊಂಡು, ಏರುತಗ್ಗಿನ ನೆಲದ ಮೇಲೆ ಬೆಳೆದ ಕುಮಾರಸ್ವಾಮಿ ಲೇಔಟಿಗೆ ಗುರುತು ತಂದುಕೊಟ್ಟದ್ದು ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲಿನ ದಯಾನಂದ ಸಾಗರ ವಿದ್ಯಾಸಂಸ್ಥೆಗಳು. ಅಲ್ಲಿನ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಆರಂಭವಾಯಿತು. ಕಾಲೇಜಿನ ಸುತ್ತ ಬಾಡಿಗೆ ಕೋಣೆಗಳು, ಪಿಜಿಗಳು, ಜೆರಾಕ್ಸ್ ಅಂಗಡಿಗಳು, ದರ್ಶಿನಿಗಳು ಹುಟ್ಟಿಕೊಂಡು, ಪದವಿ ಮುಗಿದ ಮೇಲೂ ಊರಿಗೆ ಮರಳದೆ ಕೆಲಸ ಹುಡುಕುತ್ತ ಉಳಿಯುವ ಯುವಜನರ ಬಡಾವಣೆಯಾಗಿ ಅದು ಬೆಳೆಯಿತು. 2017ರ ಜೂನ್ ತಿಂಗಳಲ್ಲಿ ಮೆಟ್ರೊದ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದಾಗ ಬನಶಂಕರಿ, ಜಯನಗರಗಳ ತರಗತಿಗಳು ಈ ನಿವಾಸಿಗಳಿಗೆ ಕೆಲವೇ ನಿಮಿಷಗಳ ದೂರಕ್ಕೆ ಬಂದವು.

ಈ ಪರಂಪರೆಯ ಮೊದಲ ರೂಪ ಬೆರಳಚ್ಚು ಶಾಲೆ, ಜನ ಕರೆಯುತ್ತಿದ್ದಂತೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಗೋದ್ರೇಜ್ ಸಂಸ್ಥೆ 1955ರಲ್ಲಿ ಭಾರತದಲ್ಲೇ ಬೆರಳಚ್ಚು ಯಂತ್ರ ತಯಾರಿಸತೊಡಗಿದ ಮೇಲೆ ಯಂತ್ರಗಳು ಸಣ್ಣ ಬಂಡವಾಳದವರಿಗೂ ಎಟುಕಿದವು; ಮನೆಯ ಮುಂಗೋಣೆಯಲ್ಲಿ ಹತ್ತಾರು ಯಂತ್ರಗಳನ್ನಿಟ್ಟು ದಿನಕ್ಕೊಂದು ಗಂಟೆಯ ಬ್ಯಾಚುಗಳನ್ನು ನಡೆಸುವ ಪದ್ಧತಿ ನಗರದ ಮಧ್ಯಮವರ್ಗದ ಬಡಾವಣೆಗಳಲ್ಲೆಲ್ಲ ಹರಡಿತು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿ ಬೆರಳಚ್ಚನ್ನೂ ಶೀಘ್ರಲಿಪಿಯನ್ನೂ ಕಲಿತು ಸರ್ಕಾರ ನಡೆಸುವ ವಾಣಿಜ್ಯ ಪರೀಕ್ಷೆಗಳಿಗೆ ಕೂರುತ್ತಿದ್ದರು. ಜೂನಿಯರ್, ಸೀನಿಯರ್ ಎಂದು ವಿಂಗಡಿಸಿದ ಆ ಪರೀಕ್ಷೆ ಅಳೆಯುತ್ತಿದ್ದುದು ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಎಂಬುದನ್ನು. ಕಲಿಸಿದವರು ಯಾರು, ಶಾಲೆ ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಕೈಯ ವೇಗಕ್ಕೆ ಸರ್ಕಾರವೇ ಸಾಕ್ಷಿಯಾಗುತ್ತಿತ್ತು. ಆದರೆ ಕಚೇರಿಯ ಪತ್ರದ ಒಕ್ಕಣೆ, ಕಡತದ ಕ್ರಮ, ಯಾವ ಟಿಪ್ಪಣಿ ಯಾರ ಮೇಜಿಗೆ ಹೋಗಬೇಕೆಂಬ ತಿಳಿವಳಿಕೆ ಇವೆಲ್ಲ ಶಾಲೆಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹಿರಿಯ ಗುಮಾಸ್ತರ ಪಕ್ಕದಲ್ಲಿ ಕುಳಿತು ಅವುಗಳನ್ನು ಕಲಿಯಬೇಕಾಗಿತ್ತು.

ರಾಜಭಾಷೆಗೆ ಸಂಬಂಧಿಸಿದ 1963ರ ಅಧಿನಿಯಮದ ನಂತರ ಕಚೇರಿಗಳಲ್ಲಿ ಕನ್ನಡದ ಬಳಕೆ ಹೆಚ್ಚಿದಂತೆ ಕನ್ನಡ ಬೆರಳಚ್ಚುಗಾರರಿಗೂ ಬೇಡಿಕೆ ಬಂದಿತು. ಕನ್ನಡ ಯಂತ್ರದ ಹಿಂದೆ ಕೆ. ಅನಂತಸುಬ್ಬರಾಯರ ಕೀಲಿಮಣೆ ವಿನ್ಯಾಸವಿತ್ತು. ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆ, ಒತ್ತಕ್ಷರಗಳನ್ನೆಲ್ಲ ಇಂಗ್ಲಿಷಿನ 26 ಅಕ್ಷರಗಳಿಗೆಂದು ತಯಾರಾದ ಯಂತ್ರದ ಸೀಮಿತ ಕೀಲಿಗಳಿಗೆ ಹಂಚುವಾಗ ಯಾವ ಚಿಹ್ನೆ ಯಾವ ಬೆರಳಿಗೆ ಸುಲಭ, ಯಾವುದನ್ನು ತುಂಡರಿಸಿ ಜೋಡಿಸಬಹುದು ಎಂಬ ಪ್ರಶ್ನೆಗಳು ಎದುರಾಗುವುದು ಅನಿವಾರ್ಯ. ಮುಂದೆ ಮೋನೋಟೈಪ್ ಸಂಸ್ಥೆಯಲ್ಲಿ ದುಡಿದ ಅನುಭವವಿದ್ದ ಕೆ.ಪಿ. ರಾವ್ ಅವರು ಗಣಕಯಂತ್ರಕ್ಕಾಗಿ ಧ್ವನಿಯನ್ನಾಧರಿಸಿದ ಕೀಲಿ ವಿನ್ಯಾಸವನ್ನು ರೂಪಿಸಿದಾಗ, ಕನ್ನಡ ಬರುವ ಯಾರೇ ಆಗಲಿ ತಿಂಗಳುಗಟ್ಟಲೆ ಅಭ್ಯಾಸವಿಲ್ಲದೆ ಟೈಪು ಮಾಡುವಂತಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನೇ ಅನುಸರಿಸಿತು. ವಸ್ತುವನ್ನು ಬಳಸುವವರ ಅಭ್ಯಾಸ, ಸ್ಮರಣೆ, ಕೈಯ ಮಿತಿಗಳಿಂದ ಹೊರಟು ವಸ್ತುವಿನ ರೂಪವನ್ನು ನಿರ್ಧರಿಸುವುದೇ ಯುಎಕ್ಸ್ ಎಂಬ ವಿದ್ಯೆಯ ತಿರುಳಾದ್ದರಿಂದ, ಕನ್ನಡದಲ್ಲಿ ಆ ವಿದ್ಯೆಯ ಕೆಲಸ ಅದರ ಹೆಸರು ಬರುವುದಕ್ಕಿಂತ ಎಷ್ಟೋ ಮೊದಲೇ ನಡೆದಿತ್ತೆಂದು ಹೇಳಬೇಕಾಗುತ್ತದೆ.

ಅಲ್ಪಾವಧಿ ತರಬೇತಿಗೆ ನಗರದ ಹೊರಗೂ ಗಟ್ಟಿಯಾದ ಒಂದು ಮಾದರಿ ಇತ್ತು. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದೊಂದಿಗೆ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ, ಗ್ರಾಮೀಣ ಯುವಕರಿಗೆ ಕೆಲವು ವಾರಗಳ ವಸತಿಸಹಿತ ತರಬೇತಿ ಕೊಟ್ಟು ಅವರನ್ನು ಸ್ವಂತ ಉದ್ಯೋಗಕ್ಕೆ ಅಣಿಗೊಳಿಸಿತು. ಅಲ್ಲಿ ತರಬೇತಿಯೊಂದಿಗೆ ಬ್ಯಾಂಕಿನ ಸಾಲದ ನೆರವು ಮತ್ತು ತರಬೇತಿಯ ನಂತರದ ಮೇಲ್ವಿಚಾರಣೆಯೂ ಜೋಡಿಕೊಂಡಿದ್ದವು. ತರಗತಿಯ ಆಚೆಗಿನ ಅರ್ಧವನ್ನು ಯೋಜನೆಯೊಳಗೇ ಸೇರಿಸಿದ್ದರಿಂದ ಆ ಮಾದರಿ ಮುಂದೆ ದೇಶವ್ಯಾಪಿಯಾಯಿತು. ನಗರದಲ್ಲಿ ಇದೇ ದಶಕದಲ್ಲಿ ಬಂದದ್ದು ಬೇರೆ ರೀತಿಯ ಸಂಸ್ಥೆಗಳು. 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಸ್ಥಾಪನೆಯಾಗಿ ಅವುಗಳ ಶಾಖೆಗಳು ಬಡಾವಣೆಗಳ ಮುಖ್ಯರಸ್ತೆಗಳಿಗೆ ಬಂದವು. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ನೆಲೆ ಬದಲಿಸಿದ್ದು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದದ್ದು, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂದದ್ದು, ಇವುಗಳಿಂದ ಕಂಪ್ಯೂಟರ್ ಕೋರ್ಸು ಉದ್ಯೋಗದ ಇನ್ನೊಂದು ಹೆಸರಾಯಿತು. ಸಾಫ್ಟ್‌ವೇರ್ ಸಂಸ್ಥೆಗಳು ಹೊಸಬರನ್ನು ನೂರಾರು ಸಂಖ್ಯೆಯಲ್ಲಿ ಸೇರಿಸಿಕೊಂಡು ತಾವೇ ತಿಂಗಳುಗಳ ಕಾಲ ತರಬೇತಿ ಕೊಡುತ್ತಿದ್ದುದರಿಂದ (ಇನ್ಫೋಸಿಸ್ ಮೈಸೂರಿನಲ್ಲಿ ಕಟ್ಟಿದ ಬೃಹತ್ ಶಿಕ್ಷಣ ಕೇಂದ್ರ ಇದಕ್ಕೆ ಸಾಕ್ಷಿ) ಹೊರಗಿನ ತರಗತಿಯ ಅರ್ಧ ಕಲಿಕೆ ಕೊರತೆಯೆಂದು ಯಾರಿಗೂ ಅನ್ನಿಸಲಿಲ್ಲ. ಬಸವನಗುಡಿ ಮತ್ತು ಬಿಟಿಎಂ ಲೇಔಟಿನಲ್ಲಿ ಕ್ಯೂಸ್ಪೈಡರ್ಸ್, ಜೆಸ್ಪೈಡರ್ಸ್‌ನಂಥ ಟೆಸ್ಟಿಂಗ್ ಮತ್ತು ಜಾವಾ ತರಬೇತಿ ಕೇಂದ್ರಗಳು ಬೆಳೆದದ್ದೂ ಇದೇ ನೇಮಕದ ಅಲೆಯ ಮೇಲೆಯೇ.

ವಿನ್ಯಾಸದ ಕಡೆಗೆ ಹೊರಳಿದ ಮೊದಲ ತರಬೇತಿಯೆಂದರೆ ಡಿಟಿಪಿ, ಅಂದರೆ ಅಚ್ಚಿನ ಪುಟವನ್ನು ಗಣಕದ ಪರದೆಯ ಮೇಲೆಯೇ ಜೋಡಿಸುವ ಕೆಲಸ. 1985ರಲ್ಲಿ ಪೇಜ್‌ಮೇಕರ್ ತಂತ್ರಾಂಶ ಮತ್ತು ಆ್ಯಪಲ್‌ನ ಲೇಸರ್ ಮುದ್ರಕ ಬಂದ ನಂತರ ಈ ಕೆಲಸ ಜಗತ್ತಿನಲ್ಲೆಲ್ಲ ಹರಡಿತು. ಕೋರೆಲ್‌ಡ್ರಾ 1989ರಲ್ಲಿ, ಫೋಟೋಶಾಪ್ 1990ರಲ್ಲಿ ಬಂದವು. ಕನ್ನಡಕ್ಕೆ ಶ್ರೀಲಿಪಿಯಂಥ ತಂತ್ರಾಂಶಗಳೂ 1998ರಲ್ಲಿ ಶೇಷಾದ್ರಿವಾಸು ಅವರ ಬರಹವೂ ದೊರೆತವು. ಮೂರು ತಿಂಗಳ ಡಿಟಿಪಿ ಕೋರ್ಸು ಮುಗಿಸಿದವರು ಚಾಮರಾಜಪೇಟೆಯ ಮುದ್ರಣಾಲಯಗಳಿಗೋ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಗೋ ಹೋದಾಗ ಮಾಲೀಕರು ಪ್ರಮಾಣಪತ್ರ ನೋಡುವ ಬದಲು ಒಂದು ಪುಟ ಕೂರಿಸಿ ತೋರಿಸಲು ಹೇಳುವುದೇ ರೂಢಿಯಾಗಿತ್ತು. ಅಂಚು ಎಷ್ಟು ಬಿಡಬೇಕು, ಯಾವ ಅಕ್ಷರ ಎಷ್ಟು ದಪ್ಪವಿರಬೇಕು, ಒತ್ತಕ್ಷರ ಕೆಳಗಿನ ಸಾಲಿಗೆ ತಗುಲದಂತೆ ಎಷ್ಟು ಅಂತರವಿರಬೇಕು ಎಂಬ ವಿವೇಚನೆ ಜಾಬ್ ವರ್ಕು ಮಾಡುತ್ತ, ಗ್ರಾಹಕರು ತಿದ್ದಿಸಿದಂತೆ ತಿದ್ದುತ್ತ ಬರುತ್ತಿತ್ತು. ಪರೀಕ್ಷೆ ಸರ್ಕಾರದಿಂದ ಮಾಲೀಕರ ಮೇಜಿಗೆ ಬಂದಿತ್ತಾದರೂ ಅದರ ಅಳತೆಗೋಲು ಕಣ್ಣಿಗೆ ಕಾಣುವಂಥದ್ದೇ ಆಗಿತ್ತು: ಪುಟ ಅಚ್ಚಿಗೆ ಹೋಗಬಲ್ಲುದೋ ಇಲ್ಲವೋ.

1996ರಲ್ಲಿ ಆಪ್ಟೆಕ್ ಆರಂಭಿಸಿದ ಅರೀನಾ ಅನಿಮೇಷನ್, 2001ರಲ್ಲಿ ಬಂದ ಮ್ಯಾಕ್ ಮುಂತಾದ ಸಂಸ್ಥೆಗಳು ಮಲ್ಟಿಮೀಡಿಯಾ ಎಂಬ ಹೆಸರಿನಲ್ಲಿ ಚಿತ್ರ, ಚಲನೆ, ಜಾಲತಾಣ ಮೂರನ್ನೂ ಒಂದೇ ಸೂರಿನಡಿ ಕಲಿಸತೊಡಗಿದವು. ಡ್ರೀಮ್‌ವೀವರ್, ಫ್ಲ್ಯಾಶ್ ತಂತ್ರಾಂಶಗಳನ್ನು ಕಲಿತವರು ವೆಬ್ ಡಿಸೈನರ್ ಆದರು; ಅನಿಮೇಷನ್ ಕಲಿತವರು ತಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ ಷೋರೀಲನ್ನು ಹಿಡಿದು ಸ್ಟುಡಿಯೋಗಳಿಗೆ ಹೋದರು. 2012ರಲ್ಲಿ ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಆದರೆ ಈ ತರಬೇತಿ ಒಂದೊಂದು ತಂತ್ರಾಂಶಕ್ಕೆ ಬಲವಾಗಿ ಕಟ್ಟಿಕೊಂಡಿತ್ತು. ಸ್ಮಾರ್ಟ್‌ಫೋನುಗಳು ಫ್ಲ್ಯಾಶನ್ನು ಕೈಬಿಟ್ಟು, ಕೊನೆಗೆ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವೇ ನಿಂತಾಗ ಆ ತಂತ್ರಾಂಶದಲ್ಲಿ ಮಾತ್ರ ಪಳಗಿದವರ ಬಂಡವಾಳವೂ ಕರಗಿತು. ಸಾಧನವನ್ನಷ್ಟೇ ಕಲಿಸುವ ತರಬೇತಿಗೆ ಸಾಧನದಷ್ಟೇ ಆಯುಸ್ಸು ಎಂಬ ಪಾಠ ಮುಂದೆ ಯುಎಕ್ಸ್ ತರಗತಿಗಳಿಗೂ ಅನ್ವಯಿಸುವಂಥದ್ದು.

ಯುಎಕ್ಸ್ ಎಂಬ ವಿದ್ಯೆ ಪರದೆಯ ಅಲಂಕಾರದಿಂದ ಹುಟ್ಟಿದ್ದಲ್ಲ. ಅದರ ಬೇರು ಮನಶ್ಶಾಸ್ತ್ರದಲ್ಲಿ ಮತ್ತು ಮನುಷ್ಯನಿಗೆ ಯಂತ್ರವನ್ನು ಹೊಂದಿಸುವ ಎರ್ಗಾನಮಿಕ್ಸ್ ಶಾಸ್ತ್ರದಲ್ಲಿದೆ. ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ದಿನಬಳಕೆಯ ವಸ್ತುಗಳ ವಿನ್ಯಾಸದ ಕುರಿತ ತಮ್ಮ ಗ್ರಂಥವನ್ನು 1988ರಲ್ಲಿ ಪ್ರಕಟಿಸಿ, 1993ರಲ್ಲಿ ಆ್ಯಪಲ್ ಸಂಸ್ಥೆಗೆ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ ಬಳಕೆದಾರರ ಅನುಭವ ಎಂಬ ಪದವನ್ನು ಸೇರಿಸಿಕೊಂಡರು. 1994ರಲ್ಲಿ ಯಾಕೋಬ್ ನೀಲ್ಸನ್ ಬಳಕೆಯ ಸುಲಭತೆಯನ್ನು ಪರಿಶೀಲಿಸುವ ಹತ್ತು ಸೂತ್ರಗಳನ್ನು ಮುಂದಿಟ್ಟರು. ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ದೀರ್ಘಾವಧಿಯಲ್ಲಿ ಕಲಿಯುವ ದಾರಿಗಳು ಕಿರಿದಾಗಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪನ್ನ ವಿನ್ಯಾಸ ವಿಭಾಗ, 1996ರಲ್ಲಿ ಗೀತಾ ನಾರಾಯಣನ್ ಅವರು ಸ್ಥಾಪಿಸಿದ ಸೃಷ್ಟಿ ಶಾಲೆ, 2007ರಲ್ಲಿ ತುಮಕೂರು ರಸ್ತೆಯಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣ, ಇವು ಪ್ರತಿಯೊಂದೂ ಪ್ರವೇಶ ಪರೀಕ್ಷೆಯ ಮೂಲಕ ಕೆಲವರನ್ನಷ್ಟೇ ಆರಿಸಿಕೊಳ್ಳುತ್ತಿದ್ದವು, ಮತ್ತು ಎಲ್ಲವೂ ನಗರದ ಉತ್ತರ ದಿಕ್ಕಿನಲ್ಲಿದ್ದವು. ಕಿರು ತರಬೇತಿಯನ್ನು ಈ ಕ್ಷೇತ್ರಕ್ಕೆ ಮೊದಲು ತಂದವರಲ್ಲಿ ಅಮೆರಿಕ ಮೂಲದ ಹ್ಯೂಮನ್ ಫ್ಯಾಕ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಮುಖ್ಯವಾದದ್ದು. ಬೆಂಗಳೂರಿನಲ್ಲೂ ಕಚೇರಿ ಹೊಂದಿದ್ದ ಅದು ಕೆಲವೇ ದಿನಗಳ ತರಗತಿಗಳ ಮಾಲೆಯೊಂದನ್ನು ನಡೆಸಿ, ಪರೀಕ್ಷೆಯ ನಂತರ ಯೂಸಬಿಲಿಟಿ ಅನಾಲಿಸ್ಟ್ ಎಂಬ ಪ್ರಮಾಣಪತ್ರ ಕೊಡುತ್ತಿತ್ತು. ಆದರೆ ಆ ತರಗತಿ ಈಗಾಗಲೇ ಕೆಲಸದಲ್ಲಿದ್ದವರಿಗೆ ಹೆಚ್ಚು ಹೊಂದುವಂಥದ್ದು. ಹೊಸಬರ ಹೆಬ್ಬಾಗಿಲು ಅದಾಗಲಿಲ್ಲ.

ಆ ಬಾಗಿಲು ತೆರೆದದ್ದು ಬೇಡಿಕೆಯ ಒತ್ತಡದಿಂದ. 2007ರಲ್ಲಿ ಫ್ಲಿಪ್‌ಕಾರ್ಟ್, 2014ರಲ್ಲಿ ಸ್ವಿಗ್ಗಿ, 2015ರಲ್ಲಿ ಫೋನ್‌ಪೇ ಇದೇ ನಗರದಲ್ಲಿ ಹುಟ್ಟಿದವು. 2016ರಲ್ಲಿ ಯುಪಿಐ ಪಾವತಿ ಮತ್ತು ಅಗ್ಗದ ಮೊಬೈಲ್ ಡೇಟಾ ಒಟ್ಟಿಗೇ ಬಂದಾಗ ಇಂಗ್ಲಿಷ್ ಓದಲು ಬಾರದವರೂ ಮೊದಲ ಬಾರಿಗೆ ಪರದೆಯ ಮೇಲೆ ಹಣ ಕಳಿಸುವಂತಾಯಿತು. ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕೆಂಬ ಪ್ರಶ್ನೆಯ ಮೇಲೆ ವ್ಯಾಪಾರವೇ ನಿಂತಿತು. ಸೇವಾ ಸಂಸ್ಥೆಗಳೂ ಇದೇ ದಾರಿ ಹಿಡಿದವು: ವಿಪ್ರೊ 2015ರಲ್ಲಿ ಡಿಸೈನಿಟ್ ಎಂಬ ವಿನ್ಯಾಸ ಸಂಸ್ಥೆಯನ್ನು ಕೊಂಡಿತು, 2014ರಲ್ಲಿ ವಿಶಾಲ್ ಸಿಕ್ಕಾ ಇನ್ಫೋಸಿಸ್ ಮುಖ್ಯಸ್ಥರಾದ ಮೇಲೆ ಅಲ್ಲಿ ಡಿಸೈನ್ ಥಿಂಕಿಂಗ್, ಅಂದರೆ ಪರಿಹಾರಕ್ಕೆ ಮೊದಲು ಬಳಸುವವರ ತೊಡಕನ್ನು ಅರಿಯುವ ವಿಧಾನವನ್ನು, ಕಿರು ತರಗತಿಗಳ ಮೂಲಕ 1 ಲಕ್ಷಕ್ಕೂ ಹೆಚ್ಚು ನೌಕರರಿಗೆ ಪರಿಚಯಿಸಲಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2021ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡಿಸೈನ್ ಥಿಂಕಿಂಗನ್ನೇ ಒಂದು ವಿಷಯವಾಗಿ ಸೇರಿಸಿತು. ಹೀಗೆ ಮೆಕ್ಯಾನಿಕಲ್, ಸಿವಿಲ್ ಓದುತ್ತಿದ್ದವರ ಕಿವಿಗೂ ಈ ವೃತ್ತಿಯ ಹೆಸರು ಬಿದ್ದಿತು.

ಬೇಡಿಕೆಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಸಾಧನದ ಬೆಲೆ. 2010ರಲ್ಲಿ ಬಂದ ಸ್ಕೆಚ್ ತಂತ್ರಾಂಶ ವೃತ್ತಿಯವರ ಮೆಚ್ಚುಗೆ ಗಳಿಸಿತಾದರೂ ಅದು ಆ್ಯಪಲ್ ಗಣಕದಲ್ಲಿ ಮಾತ್ರ ನಡೆಯುತ್ತಿತ್ತು; ಪಿಜಿಯಲ್ಲಿ ಉಳಿದು ಕೆಲಸ ಹುಡುಕುವವರಿಗೆ ಆ ಗಣಕದ ಬೆಲೆಯೇ ಮೊದಲ ಅಡ್ಡಗೋಡೆ. 2016ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಫಿಗ್ಮಾ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿತ್ತು, ಆರಂಭದ ಬಳಕೆಗೆ ಹಣ ಕೇಳುತ್ತಿರಲಿಲ್ಲ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತಿತ್ತು. ಯಂತ್ರ ಕೊಳ್ಳಲಾಗದವರು ಯಂತ್ರವಿದ್ದ ಶಾಲೆಗೆ ಹೋಗಿ ಕಲಿಯುತ್ತಿದ್ದ ಬೆರಳಚ್ಚಿನ ಕಾಲಕ್ಕೆ ಹೋಲಿಸಿದರೆ ಸನ್ನಿವೇಶ ಇಲ್ಲಿ ತಿರುವುಮುರುವಾಯಿತು: ಸಾಧನ ಕೋಣೆಯಲ್ಲೇ ಇರುವಾಗ ಶಾಲೆ ಮಾರಬೇಕಾದದ್ದು ಕ್ರಮಬದ್ಧತೆ, ತಿದ್ದುವ ಕಣ್ಣು ಮತ್ತು ಪ್ಲೇಸ್‌ಮೆಂಟಿನ ಭರವಸೆಯನ್ನು.

2020ರ ಸಾಂಕ್ರಾಮಿಕದಲ್ಲಿ ತರಗತಿಗಳು ಜಾಲಕ್ಕೆ ಸರಿದವು. 2021ರ ಮಾರ್ಚ್ ತಿಂಗಳಲ್ಲಿ ಗೂಗಲ್ ಸಂಸ್ಥೆ ಕೋರ್ಸೆರಾ ಮೂಲಕ ಆರಂಭಿಸಿದ ಯುಎಕ್ಸ್ ಪ್ರಮಾಣಪತ್ರ ಏಳು ಕೋರ್ಸುಗಳ ಮಾಲೆಯಾಗಿದ್ದು, ವಾರಕ್ಕೆ 10 ಗಂಟೆಗಿಂತ ಕಡಿಮೆ ಓದಿದರೂ ಸುಮಾರು 6 ತಿಂಗಳಲ್ಲಿ ಮುಗಿಸಬಹುದೆಂದೂ ಪದವಿಯ ಅಗತ್ಯವಿಲ್ಲವೆಂದೂ ಸಂಸ್ಥೆ ಪ್ರಕಟಿಸಿತು. ಊರಿನ ಬೂಟ್‌ಕ್ಯಾಂಪುಗಳು, ಅಂದರೆ ಅಲ್ಪ ಕಾಲದಲ್ಲಿ ಒತ್ತಾಗಿ ಕಲಿಸುವ ತರಗತಿಗಳು, ವಾರಾಂತ್ಯದ ಬ್ಯಾಚುಗಳಲ್ಲಿ ಹೆಚ್ಚುಕಡಿಮೆ ಇದೇ ಕ್ರಮವನ್ನು ಅನುಸರಿಸಿದವು: ಮೊದಲು ಬಳಕೆದಾರರ ಸಂದರ್ಶನ, ಅನಂತರ ಅವರ ತೊಡಕುಗಳ ವಿಂಗಡಣೆ, ಬಣ್ಣವಿಲ್ಲದ ರೇಖಾರೂಪದ ಪರದೆಯಾದ ವೈರ್‌ಫ್ರೇಮ್, ಒತ್ತಿ ನೋಡಬಹುದಾದ ಮಾದರಿಯಾದ ಪ್ರೋಟೋಟೈಪ್, ಕೆಲವೇ ಜನರಿಂದ ಪರೀಕ್ಷೆ, ಕೊನೆಗೆ ಇಡೀ ನಡೆಯನ್ನು ವಿವರಿಸುವ ಕೇಸ್ ಸ್ಟಡಿ. ಇಂಥ ಎರಡು ಮೂರು ಕೇಸ್ ಸ್ಟಡಿಗಳ ಸಂಗ್ರಹಕ್ಕೆ ಪೋರ್ಟ್‌ಫೋಲಿಯೊ ಎಂದು ಹೆಸರು. ನೇಮಕ ಮಾಡುವವರು ಕೇಳುವುದು ಅದನ್ನೇ.

ಪರಂಪರೆಯ ಎಳೆ ತೊಡಕಿಗೆ ಸಿಕ್ಕುವುದು ಈ ಹಂತದಲ್ಲಿ. ಬೆರಳಚ್ಚಿನ ವೇಗವನ್ನು ಗಡಿಯಾರ ಅಳೆಯಿತು, ಡಿಟಿಪಿ ಪುಟವನ್ನು ಅಚ್ಚು ಅಳೆಯಿತು. ಆದರೆ ಒಂದು ವಿನ್ಯಾಸದ ನಿರ್ಧಾರ ಸರಿಯಾಗಿತ್ತೆಂಬುದು ಆ ವಿನ್ಯಾಸ ನಿಜವಾದ ಜನರ ಕೈಗೆ ಹೋಗಿ ತಿಂಗಳುಗಳು ಕಳೆದ ಮೇಲಷ್ಟೇ ತಿಳಿಯುತ್ತದೆ. ತರಗತಿಯ ಯೋಜನೆಗೆ ಆ ಅವಕಾಶವಿಲ್ಲ. ಊಟ ತರಿಸುವ ಆ್ಯಪಿನ ಮರುವಿನ್ಯಾಸ, ಧ್ಯಾನದ ಆ್ಯಪು, ಗಿಡ ಮಾರುವ ತಾಣ ಎಂಬ ಕೆಲವೇ ವಿಷಯಗಳು ಬ್ಯಾಚಿನಿಂದ ಬ್ಯಾಚಿಗೆ ಮರುಕಳಿಸಿದಾಗ ಪೋರ್ಟ್‌ಫೋಲಿಯೊಗಳು ಒಂದರಂತೆ ಇನ್ನೊಂದು ಕಾಣತೊಡಗಿ, ಅಭ್ಯರ್ಥಿಯ ವಿವೇಚನೆಗೆ ಸಾಕ್ಷಿಯಾಗಬೇಕಿದ್ದದ್ದು ಕೋರ್ಸಿನ ಅಚ್ಚಿಗೆ ಸಾಕ್ಷಿಯಾಯಿತು. ಆದ್ದರಿಂದಲೇ ಹಲವು ಸಂಸ್ಥೆಗಳು ಮನೆಗೆ ಕೊಟ್ಟು ಮಾಡಿಸುವ ಕೆಲಸವನ್ನೂ ಎದುರಿಗೆ ಕೂರಿಸಿ ಕೇಳುವ ಪ್ರಶ್ನೆಗಳನ್ನೂ ಸೇರಿಸಿದವು. ಪ್ರತಿ ಸಂಸ್ಥೆಯ ಅಳತೆಗೋಲು ಬೇರೆಯಾಯಿತು, ಎಲ್ಲರೂ ಒಪ್ಪುವ ಜೂನಿಯರ್–ಸೀನಿಯರ್ ಪರೀಕ್ಷೆಯಂಥದ್ದು ಬರಲಿಲ್ಲ.

ಸ್ಥಳೀಯ ಕಲಿಕೆದಾರರಿಗೆ ಇದ್ದ ಒಂದು ವಿಶೇಷ ಬಲವನ್ನೂ ಈ ಅಚ್ಚು ಮರೆಮಾಡಿತು. ತರಗತಿಯ ಭಾಷೆ ಇಂಗ್ಲಿಷಾಗಿದ್ದು, ಉದಾಹರಣೆಗಳು ಇಂಗ್ಲಿಷ್ ಪರದೆಗಳದ್ದಾಗಿದ್ದವು. ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಸಾಲಿನ ಎತ್ತರ ಗೊತ್ತುಮಾಡಿದ ಗುಂಡಿಯಲ್ಲಿ ಕನ್ನಡದ ಒತ್ತಕ್ಷರದ ಬಾಲ ಕತ್ತರಿಸಿಹೋಗುವುದು, ಒಂದೇ ಪದದ ಇಂಗ್ಲಿಷ್ ಆಜ್ಞೆಯ ಜಾಗದಲ್ಲಿ ಉದ್ದವಾದ ಕನ್ನಡ ಪದ ಹಿಡಿಸದೆ ಎರಡು ಸಾಲಾಗುವುದು, ವರ್ಣಮಾಲೆಯ ಕ್ರಮದಲ್ಲಿ ಊರ ಹೆಸರು ಹುಡುಕುವಾಗ ಇಂಗ್ಲಿಷ್ ಕ್ರಮವೇ ಎದುರಾಗುವುದು ಇವು ಕನ್ನಡ ಬಳಸುವ ಪರದೆಗಳಲ್ಲಿ ಎದುರಾಗುವ ದೋಷಗಳು. 2000ದ ಆಸುಪಾಸಿನಲ್ಲಿ ರಾಜ್ಯದ ಪಹಣಿಗಳನ್ನು ಗಣಕಕ್ಕೆ ತಂದ ಭೂಮಿ ಯೋಜನೆಯಿಂದ ಹಿಡಿದು 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳವರೆಗೆ ಸಾರ್ವಜನಿಕ ಸೇವೆಗಳು ಕನ್ನಡದಲ್ಲೇ ಜನರನ್ನು ತಲುಪಬೇಕಾದ ರಾಜ್ಯದಲ್ಲಿ, ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಕುಮಾರಸ್ವಾಮಿ ಲೇಔಟಿನಲ್ಲಿ ಉಳಿದ ಕಲಿಕೆದಾರರಿಗೆ ಆಟೋ ಚಾಲಕರನ್ನೋ ರೈತರನ್ನೋ ಅವರ ಮಾತಿನಲ್ಲೇ ಸಂದರ್ಶಿಸಬಲ್ಲ ಶಕ್ತಿ ಹುಟ್ಟಿನಿಂದಲೇ ಇತ್ತು. ಸಂಶೋಧನೆಯೇ ಅರ್ಧಪಾಲಾದ ವೃತ್ತಿಯಲ್ಲಿ ಅದು ಸಣ್ಣ ಬಂಡವಾಳವಲ್ಲ; ಆದರೆ ಪೋರ್ಟ್‌ಫೋಲಿಯೊದ ಸಿದ್ಧ ಮಾದರಿಯಲ್ಲಿ ಅದಕ್ಕೆ ಸ್ಥಳ ಗುರುತಾಗಿರಲಿಲ್ಲ.

2022ರ ಕೊನೆಯಿಂದ ತಂತ್ರಜ್ಞಾನ ಸಂಸ್ಥೆಗಳು ಜಗತ್ತಿನಾದ್ಯಂತ ನೌಕರರನ್ನು ಕಡಿತಗೊಳಿಸಿದಾಗ ನೇಮಕ ಕುಗ್ಗಿತು, ಮತ್ತು ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಬಂದ ನಂತರ ಬರಹದ ಸೂಚನೆಯಿಂದಲೇ ಪರದೆಯ ಕರಡು ತಯಾರಿಸುವ ಸಾಧನಗಳೂ ಬೆನ್ನಿಗೇ ಬಂದವು. ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬಿ 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿ 2023ರ ಡಿಸೆಂಬರಿನಲ್ಲಿ ಹಿಂದೆಗೆದದ್ದು ಸಾಧನದ ಬೆಲೆ ಎಷ್ಟು ಏರಿತ್ತೆಂಬುದಕ್ಕೆ ನಿದರ್ಶನ. ಆದರೆ ಸಾಧನ ಬಳಸಬಲ್ಲ ಹೊಸಬರ ಬೆಲೆ ಅದೇ ವೇಗದಲ್ಲಿ ಏರಲಿಲ್ಲ. ಹಿಂದೆ ಹೊಸಬರು ಮಾಡಿ ಕಲಿಯುತ್ತಿದ್ದ ಚಿಕ್ಕ ಕೆಲಸಗಳು, ಒಂದೇ ಗುಂಡಿಯ ಹತ್ತು ರೂಪ ಬಿಡಿಸುವುದು, ಪರದೆಗಳನ್ನು ಅಳತೆಗೆ ಹೊಂದಿಸುವುದು, ಯಂತ್ರದ ಪಾಲಾಗತೊಡಗಿದವು. ಅನುಭವಿಗಳನ್ನೇ ಬಯಸುವ ಸಣ್ಣ ತಂಡಗಳಲ್ಲಿ ಹೊಸಬರ ಪಕ್ಕ ಕುಳಿತು ತಿದ್ದುವ ಹಿರಿಯರಿಗೆ ಬಿಡುವು ವಿರಳವಾಯಿತು.

ಆದ್ದರಿಂದ ಯುಎಕ್ಸ್ ಕಿರು ತರಬೇತಿಯ ಇಂದಿನ ಬಿಕ್ಕಟ್ಟಿಗೆ ಕೋರ್ಸಿನ ಅವಧಿ ಮೊದಲ ಕಾರಣವಲ್ಲ. ಬೆರಳಚ್ಚು ಕಲಿತವರೂ ಡಿಟಿಪಿ ಕಲಿತವರೂ ತಿಂಗಳುಗಳ ತರಬೇತಿಯಿಂದಲೇ ಬದುಕು ಕಟ್ಟಿಕೊಂಡರು. ಅವರಿಗೆ ಒಪ್ಪಿತ ಪರೀಕ್ಷೆಯೂ ಕಲಿಸುವ ಮೊದಲ ಕೆಲಸವೂ ದೊರೆತಿದ್ದವು. ಯುಎಕ್ಸ್ ತರಗತಿ ಇವೆರಡರಲ್ಲಿ ಯಾವುದನ್ನೂ ತಾನಾಗಿ ಸೃಷ್ಟಿಸಲಾರದು, ಆದರೂ ಜಾಹೀರಾತಿನಲ್ಲಿ ಎರಡನ್ನೂ ಮಾರುತ್ತದೆ. ಉಜಿರೆಯ ಮಾದರಿ 1982ರಲ್ಲೇ ಮಾಡಿದಂತೆ ತರಗತಿಯ ನಂತರದ ಅವಧಿಯನ್ನೂ ತರಬೇತಿಯ ಭಾಗವೆಂದೇ ಲೆಕ್ಕಿಸಿ, ಬಡಾವಣೆಯ ಒಂದು ಆಸ್ಪತ್ರೆ, ಸಹಕಾರ ಸಂಘ, ಗ್ರಂಥಾಲಯ ಅಥವಾ ಸಾರ್ವಜನಿಕ ಸೇವಾ ಕೇಂದ್ರದ ನಿಜವಾದ ಪರದೆಯನ್ನು ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಸುಧಾರಿಸಿ, ಜನ ಅದನ್ನು ಬಳಸಿದ ಫಲಿತಾಂಶವನ್ನೇ ಪೋರ್ಟ್‌ಫೋಲಿಯೊ ಮಾಡಿಕೊಳ್ಳುವ ವ್ಯವಸ್ಥೆ ಬಂದರೆ ಕಳೆದುಹೋದ ಅರ್ಧದ ಬಹುಭಾಗ ಮರಳಿ ಸಿಗುತ್ತದೆ. ಅಂಥ ವ್ಯವಸ್ಥೆಗೆ ಬೇಕಾದ ಕಾಲೇಜು, ಹಿರಿಯ ವೃತ್ತಿಪರರು, ಕನ್ನಡ ಬಳಸುವ ಜನಸಮುದಾಯ ಮೂರೂ ದಕ್ಷಿಣ ಬೆಂಗಳೂರಿನಲ್ಲಿ ಒಂದೆರಡು ಮೆಟ್ರೊ ನಿಲ್ದಾಣಗಳ ಅಂತರದಲ್ಲಿವೆ. ಅವುಗಳನ್ನು ಜೋಡಿಸುವ ಹೊಣೆಯನ್ನು ತರಬೇತಿ ಸಂಸ್ಥೆಗಳು ಹೊರುವವರೆಗೆ ಪ್ರಮಾಣಪತ್ರ ಕೈಗೆ ಬಂದರೂ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.